ದಾರಿಯಿಲ್ಲದ ಬೆಟ್ಟದಲ್ಲಿ ದಿಕ್ಕು

ಅರಕಲಗೂಡಿನ ಸುತ್ತಮುತ್ತ ದಾರಿ ತಪ್ಪಿದವನು ಹಳ್ಳದ ಜಾಡು ಹಿಡಿದು ನಡೆದರೆ ಸಾಕು. ಕೆರೆ ಸಿಗುತ್ತದೆ, ಕೆರೆ ಏರಿಯಾಚೆ ಗದ್ದೆ, ಗದ್ದೆಯಾಚೆ ಊರು. ಆದರೆ ಪಶ್ಚಿಮಕ್ಕೆ ಸಾಗಿ ಘಟ್ಟದ ಅಂಚು ತಲುಪಿದರೆ ಇದೇ ಉಪಾಯ ಪ್ರಾಣಕ್ಕೆ ಕುತ್ತಾದೀತು.

ಬಿಸಿಲೆ, ಪುಷ್ಪಗಿರಿ ಸೀಮೆಯ ಎತ್ತರದ ಬೆಟ್ಟಗಳ ನೆತ್ತಿಯಲ್ಲಿ ಮರಗಳಿಲ್ಲ, ಬರೀ ಹುಲ್ಲು. ಕಣಿವೆಯ ಮಡಿಲಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ ಕಾಡು. ಪುಷ್ಪಗಿರಿ, ಅಂದರೆ ಕುಮಾರ ಪರ್ವತ, 1,712 ಮೀಟರ್ ಎತ್ತರವಿದೆ. ಅಲ್ಲಿಗೆ ಹತ್ತುವ ಕಾಲುದಾರಿಗಳಿವೆ. ಅವನ್ನು ಬಿಟ್ಟು ಪಕ್ಕಕ್ಕೆ ಸರಿದರೆ ಮಾತ್ರ ದಾರಿಯೆಂಬುದೇ ಇಲ್ಲ. ಮಳೆಗಾಲದ ನಂತರ ಬೆಳೆದ ಹುಲ್ಲು ಹೆಜ್ಜೆಗುರುತನ್ನು ಮುಚ್ಚಿಬಿಡುತ್ತದೆ. ಕಾಟಿ, ಕಡವೆಗಳು ಓಡಾಡಿದ ಜಾಡು ಮನುಷ್ಯರ ದಾರಿಯಂತೆಯೇ ಕಂಡು ಮೋಸ ಮಾಡುತ್ತದೆ. ಅಷ್ಟರಲ್ಲಿ ಮಂಜು ಕವಿದರೆ ಹತ್ತು ಮಾರು ಆಚೆಗಿನ ಬಂಡೆಯೂ ಕಾಣದು.

ಕಣ್ಣಿಗೆ ಗುರುತು ಸಿಗದಿದ್ದಾಗ ಮನುಷ್ಯ ನೇರವಾಗಿ ನಡೆಯಲಾರ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಸೂರ್ಯ ಕಾಣುತ್ತಿದ್ದಾಗ ಕಾಡಿನಲ್ಲಿ ಜನ ಹೆಚ್ಚುಕಡಿಮೆ ನೇರವಾಗಿಯೇ ನಡೆದರು. ಮೋಡ ಮುಚ್ಚಿದಾಗ ಸುತ್ತು ಹೊಡೆದು ತಾವು ನಡೆದ ಜಾಗಕ್ಕೇ ಮತ್ತೆ ಬಂದರು. ಕಣ್ಣು ಕಟ್ಟಿಕೊಂಡು ನಡೆದವರು ಕೆಲವೊಮ್ಮೆ 20 ಮೀಟರಿಗೂ ಕಡಿಮೆ ವ್ಯಾಸದ ವೃತ್ತದಲ್ಲಿ ಸುತ್ತಿದರು. ದಿಕ್ಕಿನ ಅಂದಾಜಿನಲ್ಲಿ ಹೆಜ್ಜೆಹೆಜ್ಜೆಗೂ ಸೇರುವ ಸಣ್ಣ ತಪ್ಪುಗಳು ಕೂಡುತ್ತಾ ಹೋಗುವುದೇ ಇದಕ್ಕೆ ಕಾರಣವೆಂದು ಅವರ ವಿವರಣೆ.

ಹೀಗೆ ದಿಕ್ಕು ತಪ್ಪಿದವನಿಗೆ ನೀರಿನ ಸದ್ದು ಕೇಳಿದರೆ ಆಸೆ ಹುಟ್ಟುವುದು ಸಹಜ. ಆದರೆ ಘಟ್ಟದ ನೆತ್ತಿ ಒಂದು ಜಲವಿಭಾಜಕ. ಬಿಸಿಲೆ ಬಳಿಯ ಮಂಕನಹಳ್ಳಿಯ ರಿಡ್ಜ್ ಇದಕ್ಕೇ ಹೆಸರಾದ ಜಾಗ. ಅಲ್ಲಿ ಪೂರ್ವಕ್ಕೆ ಹರಿದ ಮಳೆನೀರು ಕಾವೇರಿಯ ಮೂಲಕ ಬಂಗಾಳಕೊಲ್ಲಿಗೆ, ಪಶ್ಚಿಮಕ್ಕೆ ಹರಿದದ್ದು ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ. ಪೂರ್ವದ ಇಳಿಜಾರು ಮೆಲ್ಲನೆಯದು, ಪಶ್ಚಿಮದ್ದು ಕಡಿದಾದದ್ದು. ಪಶ್ಚಿಮದ ತೊರೆಯನ್ನು ನಂಬಿ ಇಳಿದವನು ಊರಿಗಲ್ಲ, ಜಲಪಾತದ ತಲೆಗೆ ಬಂದು ನಿಲ್ಲುತ್ತಾನೆ. ಜಾರುವ ಬಂಡೆಯಲ್ಲಿ ಹಿಂದಿರುಗಿ ಹತ್ತುವುದೂ ಕಷ್ಟ.

ಆದ್ದರಿಂದ ಮಂಜು ಕವಿದಾಗ ಗುಂಪು ಚದುರದೆ ಒಂದೆಡೆ ಕೂತು ಅದು ಸರಿಯುವವರೆಗೆ ಕಾಯುವುದು ಮೊದಲ ಪಾಠ. ನಡೆಯಲೇಬೇಕಾದರೆ ದಿಕ್ಸೂಚಿ ಬೇಕು. ನಮ್ಮ ಸೀಮೆಯಲ್ಲಿ ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ತೀರ ಅಲ್ಪ. ಮುಳ್ಳನ್ನು ಧಾರಾಳವಾಗಿ ನಂಬಬಹುದು. ಮೊಬೈಲ್ ಫೋನು ಕಣಿವೆಯಲ್ಲಿ ಮೂಕವಾಗುವುದುಂಟು. ಅರಣ್ಯ ಇಲಾಖೆಯ ಅನುಮತಿ, ಸ್ಥಳ ಬಲ್ಲ ಮಾರ್ಗದರ್ಶಿ ಇವೆರಡೂ ಇವೆಯೇ ಎಂದು ಮಕ್ಕಳು ಹೊರಡುವ ಮುನ್ನ ತಂದೆತಾಯಂದಿರು ಕೇಳಲೇಬೇಕು.

ಇದರ ಸತ್ಯವನ್ನು ಶಾಲೆಯ ಮೈದಾನದಲ್ಲೇ ಪರೀಕ್ಷಿಸಬಹುದು. ಒಬ್ಬರ ಕಣ್ಣಿಗೆ ಟವೆಲ್ ಕಟ್ಟಿ, ನೇರವಾಗಿ ನೂರು ಹೆಜ್ಜೆ ನಡೆಯಲು ಹೇಳಬೇಕು. ಎಡವದಂತೆ ಗೆಳೆಯನೊಬ್ಬ ಸದ್ದಿಲ್ಲದೆ ಜೊತೆಗಿರಬೇಕು. ಹಾದಿಗುಂಟ ಸುಣ್ಣದ ಪುಡಿ ಚೆಲ್ಲಿದರೆ ಕೊನೆಗೆ ಕಾಣುವ ಗೆರೆ ಎಷ್ಟು ನೇರವೆಂದು ಎಲ್ಲರೂ ನೋಡಬಹುದು.