ಚಪ್ಪಾಳೆ ಸಾಕು, ಲೆಕ್ಕ ಕೊಡ್ರಿ



ಏಪ್ರಿಲ್ 14 ಹತ್ರ ಬಂತಂದ್ರೆ ನನ್ನ ಫೋನಿಗೆ ಪುರುಸೊತ್ತಿಲ್ಲ. "ಸಾಮಾಜಿಕ ನ್ಯಾಯದ ಬಗ್ಗೆ ವಿಶೇಷ ಉಪನ್ಯಾಸ ಐತಿ ಸರ್, ನಿಮ್ಮ ಅನುಭವ ಹೇಳಬೇಕು. ಹಂಗೇ ನೀಲಗುಂದದ ಹಲಗೆಯವರನ್ನೂ ಕರ್ಕೊಂಡು ಬರ್ರಿ." ಡಿಸೆಂಬರ್ 6ಕ್ಕೆ ಮತ್ತೆ ಅದೇ ಕರೆ. ಕೇರಿಯವನ ಅವಮಾನಕ್ಕೆ ವರ್ಷಕ್ಕೆ ಎರಡು ಸಲ ಭಾರೀ ಬೇಡಿಕೆ!

ಹೋದ ವರ್ಷ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಚಹಾದಂಗಡಿಯ ಬೇರೆ ಲೋಟದ ಕತೆ ಹೇಳಿದೆ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡ್ರು. ನನಗೆ ಶಾಲು, ಹಣ್ಣಿನ ಬುಟ್ಟಿ, ಗೌರವಧನ. ಹಲಗೆ ಬಡಿದ ನಮ್ಮ ಚಿಕ್ಕಪ್ಪನಿಗೆ ಬಸ್ ಚಾರ್ಜು, ಊಟ. ಮಾತಾಡಿದವನು ವಿದ್ವಾಂಸ, ಬಡಿದವನು ಆಳು! ಆ ಶಾಲಿನ ಫೋಟೋ ಇಲ್ಲೇ ಹಾಕಿದ್ದೆ. ಇವತ್ತು ನಾಚಿಕೆ ಆಗ್ತದೆ.

ಹೊರಗೆ ಬಂದ್ರೆ ಸಂಶೋಧನೆ ಮಾಡೋ ನಮ್ಮ ಹುಡುಗಿಯೊಬ್ಬಳು ನಿಂತಿದ್ಲು. "ಅಣ್ಣ, ಎಂಟು ತಿಂಗಳಾತು ಫೆಲೋಶಿಪ್ ಬಂದಿಲ್ಲ. ಮೆಸ್ ಬಿಲ್ ಕಟ್ಟಾಕ ಬೆಂಡೋಲೆ ಅಡ ಇಟ್ಟೀನಿ." ಅವಳ ಕಡತ ಕೂತಿದ್ದು ಆ ಕಣ್ಣೊರೆಸಿಕೊಂಡವರ ಮೇಜಿನ ಮೇಲೇ.

ಹೈದರಾಬಾದಿನ ರೋಹಿತ್ ವೇಮುಲನಿಗೂ ಏಳು ತಿಂಗಳ ಫೆಲೋಶಿಪ್ ಬಾಕಿ ಇತ್ತು. 2016ರ ಜನವರಿ 17ರಂದು ಅವನನ್ನು ಕಳ್ಕೊಂಡ್ವಿ. ಅವನ ಹೆಸರಲ್ಲೂ ಉಪನ್ಯಾಸ ಇಡ್ತೀರಲ್ಲ, ಆ ಬಾಕಿಯಿಂದ ಏನು ಕಲಿತ್ರಿ?

ಅನುಭವ ಹೇಳೋದೇ ತಪ್ಪು ಅಂತ ನನ್ನ ಮಾತಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದಿಯೇ ನನ್ನಂಥವರಿಗೆ ಬಾಯಿ ಬಂದದ್ದು. ಆದರೆ ನಮ್ಮ ಹರಿಹರದ ಬಿ. ಕೃಷ್ಣಪ್ಪನವರನ್ನು ನೆನೆಸ್ಕೊಳ್ರಿ. ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರು. ಪಾಠ ಹೇಳಿ ಸುಮ್ಮನಾಗಲಿಲ್ಲ, ದಲಿತ ಸಂಘರ್ಷ ಸಮಿತಿ ಕಟ್ಟಿದರು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ತಡೆಯಾಕ ಹೋದ ಕಾರ್ಯಕರ್ತರು ಹೊಡೆತ ತಿಂದರು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಆಗ ಹಾಡು ಮುಗಿದ ಮೇಲೆ ಹಕ್ಕೊತ್ತಾಯ. ಈಗ ವಂದನಾರ್ಪಣೆ!

ಇನ್ನು ಕರೆಯೋರಿಗೆ ನನ್ನ ಷರತ್ತು ಮೂರು. ಎಷ್ಟು ಬ್ಯಾಕ್‌ಲಾಗ್ ಹುದ್ದೆ ಖಾಲಿ, ಎಷ್ಟು ತಿಂಗಳ ಫೆಲೋಶಿಪ್ ಬಾಕಿ ಅಂತ ವೇದಿಕೆ ಮೇಲೇ ಓದಿ ಹೇಳಬೇಕು. ಹಲಗೆಯವರಿಗೂ ಉಪನ್ಯಾಸಕರಿಗೂ ಒಂದೇ ಗೌರವಧನ. ಮೊದಲ ಪ್ರಶ್ನೆ ನಮ್ಮ ವಿದ್ಯಾರ್ಥಿಗಳದ್ದು, ಅಧಿಕಾರಿಗಳು ಅಲ್ಲೇ ಉತ್ತರ ಕೊಡಬೇಕು.

ನನ್ನಂಗೆ ವೇದಿಕೆ ಹತ್ತೋ ಗೆಳೆಯರೇ, ನೀವೂ ಇದನ್ನೇ ಕೇಳ್ರಿ. ಒಬ್ಬ ಕೇಳಿದ್ರೆ ಇನ್ನೊಬ್ಬನನ್ನು ಕರೀತಾರೆ. ಎಲ್ಲರೂ ಕೇಳಿದ್ರೆ ಲೆಕ್ಕ ಕೊಡ್ತಾರೆ.

ಒಪ್ಪಿದ್ರೆ ಬರ್ತೀನಿ, ಚಿಕ್ಕಪ್ಪನೂ ಬರ್ತಾನೆ. ಇಲ್ಲಾಂದ್ರೆ ಗೇಟಿನ ಹೊರಗೆ ನಿಂತು ಹಲಗೆ ಬಡೀತೀವಿ. ಅದಕ್ಕೆ ನಿಮ್ಮ ಆಹ್ವಾನ ಪತ್ರಿಕೆ ಬೇಕಾಗಿಲ್ಲ.

ಜೈಭೀಮ್.