ಮಾಲು ಒಳಗಿದೆ, ಬಾಗಿಲಿಗೆ ಮುದ್ರೆ



ನಮ್ಮ ಬೀಗರ ಮನೆಯ ಸೊಸೆಗೆ ಮೊದಲಿನಿಂದಲೂ ರಕ್ತ ಕಡಿಮೆ. ವರ್ಷವಿಡೀ ಕಬ್ಬಿಣದ ಗುಳಿಗೆ ನುಂಗಿದರೂ ಏರಲಿಲ್ಲ. "ತವರಿನಿಂದ ತಂದ ರೋಗ" ಎಂದು ಅತ್ತೆ ಅಂದದ್ದೂ ಆಯಿತು. ಕೊನೆಗೆ ಸೋಲಾಪುರದಲ್ಲಿ ತಜ್ಞರಿಗೆ ತೋರಿಸಿದಾಗ ತಿಳಿಯಿತು: ಇದು ಕಬ್ಬಿಣದ ಕೊರತೆಯಲ್ಲ, ಆಲ್ಫಾ ಥಲಸೇಮಿಯಾದ ಸೌಮ್ಯ ರೂಪ.

ಇದೇನೆಂದು ವೈದ್ಯನಾದ ನನ್ನ ಸೋದರಳಿಯನನ್ನು ಕೇಳಿದೆ. ಅವನು ಹೇಳಿದ್ದನ್ನು ವ್ಯಾಪಾರಿಯ ಭಾಷೆಯಲ್ಲಿ ಬರೆಯುತ್ತೇನೆ.

ರಕ್ತದ ಹಿಮೋಗ್ಲೋಬಿನ್ನಿಗೆ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಸರಪಳಿಗಳು ಬೇಕು. ಆಲ್ಫಾ ಸರಪಳಿ ತಯಾರಿಸುವ ವಂಶವಾಹಿಗಳು ನಮ್ಮಲ್ಲಿ 4: ತಂದೆಯಿಂದ 2, ತಾಯಿಯಿಂದ 2. ಆಲ್ಫಾ ಥಲಸೇಮಿಯಾದ ಬಹುತೇಕರಲ್ಲಿ ಇವುಗಳಲ್ಲಿ ಕೆಲವು ಕಳೆದೇ ಹೋಗಿರುತ್ತವೆ. ಅಂಗಡಿಯೇ ಇಲ್ಲದ ಮೇಲೆ ವ್ಯಾಪಾರ ಎಲ್ಲಿಯದು?

ಆದರೆ 2003ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ಡಗ್ಲಸ್ ಹಿಗ್ಸ್ ಮತ್ತು ಸಂಗಡಿಗರು ಬೇರೆಯೇ ಕಾರಣವೊಂದನ್ನು ಪ್ರಕಟಿಸಿದರು. ಒಬ್ಬ ರೋಗಿಯ 16ನೆಯ ವರ್ಣತಂತುವಿನಲ್ಲಿ ಒಂದು ಆಲ್ಫಾ ವಂಶವಾಹಿ ಹೋಗಿತ್ತು. ಪಕ್ಕದ್ದು ಒಂದಕ್ಷರ ಕೆಡದೆ ಉಳಿದಿತ್ತು. ಆದರೂ ಅದು ಕೆಲಸ ಮಾಡುತ್ತಿರಲಿಲ್ಲ. ನಡುವಿನ ತುಂಡು ಕಳಚಿದ್ದರಿಂದ ಆಚೆಗಿದ್ದ ಇನ್ನೊಂದು ವಂಶವಾಹಿ ಇದರ ಹತ್ತಿರಕ್ಕೆ ಬಂದಿತ್ತು. ಅದರ ನಕಲು ಬರೆಯುವ ಕೆಲಸ ತನ್ನ ಗಡಿಯಲ್ಲಿ ನಿಲ್ಲದೆ, ಇದರೊಳಗೆ ತಿರುವುಮುರುವಾಗಿ ಸಾಗಿತ್ತು. ಆಗ ಒಳ್ಳೆಯ ವಂಶವಾಹಿಯ ಬಾಗಿಲಿಗೇ ಮೀಥೈಲ್ ಎಂಬ ರಾಸಾಯನಿಕ ಮುದ್ರೆ ಬಿದ್ದು ಅದು ಮೌನವಾಯಿತು. ನಡುಗೋಡೆ ಬಿದ್ದು ಪಕ್ಕದವನ ಮೂಟೆಗಳು ನಮ್ಮ ಅಂಗಡಿಯ ಬಾಗಿಲಿಗೆ ಅಡ್ಡವಾದಂತೆ! ಮಾಲೆಲ್ಲ ಒಳಗೇ ಇದೆ, ಗಿರಾಕಿಗೆ ಸಿಗದು. ಇಂಥದ್ದು ಅಪರೂಪ, ಆದರೆ ವಂಶವಾಹಿ ಇದ್ದರೆ ಸಾಲದು, ಅದು ತೆರೆದಿರಲೂ ಬೇಕೆಂದು ಇದರಿಂದ ತಿಳಿಯಿತು.

ಎಲ್ಲ ಮೌನವೂ ಕೆಟ್ಟದ್ದಲ್ಲ. ಗರ್ಭದ ಶಿಶುವಿಗೆ ಬೇರೆ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಅದರ ವಂಶವಾಹಿಯನ್ನು ದೇಹವೇ ಬಹುಮಟ್ಟಿಗೆ ಮುಚ್ಚುತ್ತದೆ. ತೀವ್ರ ಬೀಟಾ ಥಲಸೇಮಿಯಾದವರಲ್ಲಿ ಆ ಬಾಗಿಲನ್ನು ಮತ್ತೆ ತೆರೆಸುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಖರ್ಚು ಮಾತ್ರ ನಮ್ಮಂಥವರ ಕೈಗೆ ಎಟುಕದು.

ಎಟುಕುವುದು ರಕ್ತಪರೀಕ್ಷೆ. ಗಂಡ-ಹೆಂಡತಿ ಇಬ್ಬರಲ್ಲೂ ಬೀಟಾ ದೋಷ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ತೀವ್ರ ರೋಗದ ಮಗು ಹುಟ್ಟುವ ಸಂಭವ 4ರಲ್ಲಿ 1. ಇದನ್ನು ಹಿಮೋಗ್ಲೋಬಿನ್ ಎ2 ಪರೀಕ್ಷೆ ಸಾಮಾನ್ಯವಾಗಿ ಹಿಡಿಯುತ್ತದೆ. ಆಲ್ಫಾ ದೋಷ ಅದರಲ್ಲಿ ತಪ್ಪಿಸಿಕೊಳ್ಳುತ್ತದೆ. ಡಿಎನ್‌ಎ ಪರೀಕ್ಷೆ ಬೇಕಾಗಬಹುದು.

ಬೀಗರ ಮಗನ ರಕ್ತವನ್ನೂ ನೋಡಿದರು. ಅವನಲ್ಲಿ ದೋಷವಿಲ್ಲ, ಮಕ್ಕಳಿಗೆ ತೀವ್ರ ರೋಗದ ಭಯವೂ ಇಲ್ಲ. ಅತ್ತೆ ಈಗ ಆ ಮಾತು ಆಡುವುದಿಲ್ಲ. ಸಂಬಂಧ ಕೂಡಿಸುವಾಗ ಕೊಡುವ-ತರುವ ಲೆಕ್ಕ ಪೈಸೆ ಬಿಡದೆ ನೋಡುವ ನಾವು, ವರ-ಕನ್ಯೆ ಇಬ್ಬರ ರಕ್ತವನ್ನೂ ಒಮ್ಮೆ ನೋಡಿಸೋಣ. ಅದು ಸಂಬಂಧ ಮುರಿಯಲಿಕ್ಕಲ್ಲ, ಹುಟ್ಟುವ ಕೂಸನ್ನು ಕಾಯಲಿಕ್ಕೆ.