ಸೂಚನೆಯ ರೀಲು ಆಪರೇಟರ್ ಕೈಯಲ್ಲಿರಲಿ

ಸಿನಿಮಾ ಶುರುವಾಗುವ ಮುಂಚೆ ಪರದೆಯ ಮೇಲೆ ಬರುವ ಸೂಚನೆಗಳೆಂದರೆ ಜನಕ್ಕೆ ಬೇಸರ. ಮೊಬೈಲ್ ಸದ್ದಡಗಿಸಿ, ಮುಂದಿನ ಸೀಟಿಗೆ ಕಾಲು ಕೊಡಬೇಡಿ, ಹೊರಗಿನ ತಿಂಡಿ ತರಬೇಡಿ ಎಂದು ಮಲ್ಟಿಪ್ಲೆಕ್ಸಿನವರು ಬಣ್ಣಬಣ್ಣದ ಗೊಂಬೆಗಳ ಬಾಯಲ್ಲಿ ಹೇಳಿಸುತ್ತಾರೆ. ಅಷ್ಟು ಹೊತ್ತೂ ಪ್ರೇಕ್ಷಕರು ಫೋನ್ ನೋಡುತ್ತ ಕೂತಿರುತ್ತಾರೆ. ನಾನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಟಾಕೀಸುಗಳಲ್ಲಿ ಆಪರೇಟರ್ ಆಗಿ ಹೊಟ್ಟೆ ಹೊರೆದವನು. ಕ್ಯಾಬಿನ್ನಿನೊಳಗೆ ನಿಂತವನಿಗೆ ಥಿಯೇಟರಿನಲ್ಲಿ ಕೂತವರ ಜೊತೆ ಮಾತಾಡಲು ಇದ್ದದ್ದು ಈ ಸೂಚನೆಯೆಂಬ ಒಂದೇ ದಾರಿ. ಆ ದಾರಿ ಈಗ ಮುಚ್ಚಿದೆ. ಅದನ್ನು ಮತ್ತೆ ತೆಗೆಯಬೇಕೆಂದು ಕೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಸ್ಲೈಡಿನ ಕಾಲದಲ್ಲಿ ಸೂಚನೆ ಅಂದರೆ ಕೈಬರಹ. ಅಂಗೈಯಗಲದ ಗಾಜನ್ನು ಸೀಮೆಎಣ್ಣೆ ಬುಡ್ಡಿಯ ಮೇಲೆ ಹಿಡಿದು ಮಸಿ ಕೂರಿಸುತ್ತಿದ್ದೆವು. ಬಿಸಿ ಆರಿದ ಮೇಲೆ ಗುಂಡುಸೂಜಿಯಿಂದ ಅಕ್ಷರ ಕೆರೆಯುವುದು. ಮಸಿ ಬಿಟ್ಟುಹೋದ ಗೆರೆಯಲ್ಲಿ ಬೆಳಕು ಹಾಯ್ದು ಪರದೆಯ ಮೇಲೆ ಅಕ್ಷರ ಬೆಳ್ಳಗೆ ಮೂಡುತ್ತಿತ್ತು. ಸ್ಲೈಡನ್ನು ತಲೆಕೆಳಗಾಗಿ ಸಿಕ್ಕಿಸಬೇಕು, ಬೆರಳು ತಾಗಿದರೆ ಒಂದು ಪದವೇ ಅಳಿಸಿಹೋಗುತ್ತದೆ. ಬೀಡಿ ಸಿಗರೇಟು ಸೇದಬಾರದು ಅನ್ನುವುದನ್ನು ಪೇಂಟರ್ ಬರೆದುಕೊಟ್ಟ ಕಾಯಂ ಸ್ಲೈಡ್ ಇರುತ್ತಿತ್ತು. ಮಸಿಯ ಸ್ಲೈಡು ತುರ್ತಿಗೆ. ಗೇಟಿನವನು ಚೀಟಿ ಹಿಡಿದು ಮೆಟ್ಟಿಲು ಹತ್ತಿ ಬಂದನೆಂದರೆ ಏನೋ ಆಗಿದೆ ಅಂತಲೇ ಅರ್ಥ: ಗಾವಡಗೆರೆಯ ಇಂಥವರು ಕೂಡಲೇ ಗೇಟಿನ ಹತ್ತಿರ ಬರಬೇಕು. ಮನೆಯಲ್ಲಿ ಹೆರಿಗೆ ನೋವೋ, ಸಾವೋ, ಗದ್ದೆ ನೀರಿನ ಜಗಳವೋ ನಮಗೆ ಗೊತ್ತಾಗುತ್ತಿರಲಿಲ್ಲ. ಚಿತ್ರ ಓಡುತ್ತಿರುವಾಗಲೇ ಪರದೆಯ ಮೂಲೆಗೆ ಆ ಅಕ್ಷರ ಬಿಟ್ಟು, ಕಿಂಡಿಯಿಂದ ನೋಡುತ್ತಿದ್ದೆ. ಕತ್ತಲಲ್ಲಿ ಒಬ್ಬರು ಎದ್ದು ಬಾಗಿಲ ಕಡೆ ಹೋಗುವುದು ಕಂಡ ಮೇಲೆಯೇ ಸ್ಲೈಡ್ ತೆಗೆಯುವುದು. ಫೋನಿಲ್ಲದ ಊರುಗಳಿಗೆ ಟಾಕೀಸಿನ ಪರದೆ ಮಾಡುತ್ತಿದ್ದ ಕೆಲಸ ಅದು.

ಫಿಲ್ಮಿನ ಮೇಲೆ ಮುದ್ರಿಸಿದ ಸೂಚನೆ ಬಂದಾಗಲೂ ಅದರಿಂದ ನಮಗೆ ಉಪಯೋಗವಿತ್ತು. ಆಪರೇಟರ್ ಆದವನು ಅದನ್ನು ನೋಡುವ ರೀತಿಯೇ ಬೇರೆ. ಆ ಅರ್ಧ ನಿಮಿಷದಲ್ಲಿ ಅವನು ಫೋಕಸ್ ಕೂರಿಸುತ್ತಾನೆ, ಫ್ರೇಮು ಮೇಲೆ ಕೆಳಗೆ ಆಗಿದ್ದರೆ ಸರಿಪಡಿಸುತ್ತಾನೆ, ಕಾರ್ಬನ್ ಕಡ್ಡಿಗಳ ನಡುವಿನ ಅಂತರ ಹೊಂದಿಸಿ ಬೆಳಕು ಹಳದಿಯಾಗದಂತೆ ನೋಡುತ್ತಾನೆ, ಥಿಯೇಟರ್ ಎಷ್ಟು ತುಂಬಿದೆ ಎಂದು ಅಂದಾಜು ಮಾಡಿ ಸೌಂಡ್ ಇಡುತ್ತಾನೆ. ತುಂಬಿದ ಮನೆಗೆ ಸೌಂಡ್ ಜಾಸ್ತಿ ಬೇಕು, ಮೈಗಳು ಸದ್ದನ್ನು ಹೀರುತ್ತವೆ. ಸೂಚನೆ ಮಾಮೂಲಿ ಅಳತೆಯಲ್ಲಿದ್ದು ಚಿತ್ರ ಸಿನಿಮಾಸ್ಕೋಪ್ ಆಗಿದ್ದರೆ ನಡುವೆ ಲೆನ್ಸ್ ಬದಲಿಸಬೇಕು, ಮರೆತರೆ ಪರದೆಯ ಮೇಲಿನ ಮುಖಗಳೆಲ್ಲ ಅಡ್ಡಕ್ಕೆ ಕುಗ್ಗಿ ಉದ್ದಕ್ಕೆ ಎಳೆದಂತೆ ಕಾಣುತ್ತವೆ. ಚಿತ್ರಗಳು ಪೆಟ್ಟಿಗೆಯಲ್ಲಿ ಬಂದು ಪೆಟ್ಟಿಗೆಯಲ್ಲೇ ಹೋಗುತ್ತಿದ್ದವು. ಸೂಚನೆಯ ತುಂಡು ಮಾತ್ರ ಕ್ಯಾಬಿನ್ನಿನಲ್ಲೇ ಉಳಿಯುತ್ತಿತ್ತು. ಪ್ರತಿ ಹೊಸ ಚಿತ್ರದ ಮೊದಲ ರೀಲಿಗೆ ಅದನ್ನೇ ಫಿಲ್ಮ್ ಸಿಮೆಂಟ್ ಹಾಕಿ ಅಂಟಿಸಿ, ದಿನಕ್ಕೆ ನಾಲ್ಕಾಟ ಓಡಿಸಿ, ಕೊನೆಗೆ ಪರದೆಯ ತುಂಬ ಮಳೆ ಸುರಿದಂತೆ ಗೆರೆ ಬೀಳುವ ತನಕ ಬಳಸುತ್ತಿದ್ದೆವು. ಅಷ್ಟು ಸವೆದ ಫಿಲ್ಮ್ ಕ್ಯಾಬಿನ್ನಿನಲ್ಲಿ ಬೇರೆ ಇರುತ್ತಿರಲಿಲ್ಲ.

ಸರ್ಕಾರದ ವಾರ್ತಾಚಿತ್ರದಿಂದಲೂ ಹಾಗೆಯೇ ಉಪಯೋಗವಿತ್ತು. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಜನ್ನಿನ ಸಾಕ್ಷ್ಯಚಿತ್ರ, ವಾರ್ತಾಚಿತ್ರಗಳನ್ನು ತೋರಿಸುವುದು ಟಾಕೀಸಿಗೆ ಲೈಸೆನ್ಸಿನ ಷರತ್ತಾಗಿತ್ತು. ಜನ ಗೊಣಗುತ್ತಿದ್ದರು ನಿಜ. ಆದರೆ ಬಸ್ಸು ತಡವಾಗಿ ಓಡಿಬಂದವರಿಗೆ ಚಿತ್ರದ ಟೈಟಲ್ ತಪ್ಪದಂತೆ ಕಾಯ್ದದ್ದೂ ಅದೇ.

ಡಿಜಿಟಲ್ ಬಂದ ಮೇಲೆ ಎಲ್ಲ ಬದಲಾಯಿತು. ಯುಎಫ್‌ಒ, ಕ್ಯೂಬ್‌ನಂಥ ಸೇವೆಗಳು ತಾಲ್ಲೂಕು ಟಾಕೀಸುಗಳಿಗೂ ಬಂದದ್ದರಿಂದ ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ಪಿರಿಯಾಪಟ್ಟಣದಲ್ಲೂ ಹೊಸ ಚಿತ್ರ ಕಾಣುವಂತಾಯಿತು. ಇದು ದೊಡ್ಡ ಉಪಕಾರ, ನಾನು ಮರೆಯುವವನಲ್ಲ. ಆದರೆ ಅದರ ಜೊತೆಗೇ ಜಾಹೀರಾತು ಮತ್ತು ಸೂಚನೆಗಳ ಪಟ್ಟಿ ದೂರದ ಯಾವುದೋ ಕಚೇರಿಯಲ್ಲಿ ತಯಾರಾಗಿ ಸರ್ವರಿಗೆ ಬಂದು ಕೂರುವ ಪದ್ಧತಿಯೂ ಬಂತು. ಯಾವುದು ಎಷ್ಟು ಬಾರಿ ಓಡಿತು ಎಂಬ ಲೆಕ್ಕವನ್ನು ಯಂತ್ರವೇ ಇಡುತ್ತದೆ. ಆಪರೇಟರ್ ಒಂದು ಗುಂಡಿ ಒತ್ತುತ್ತಾನೆ, ಅಷ್ಟೆ. ಜಾಹೀರಾತಿನ ಅಬ್ಬರ ಚಿತ್ರಕ್ಕಿಂತ ಜೋರಾಗಿರುತ್ತದೆ. ಅದಕ್ಕೆ ಸೌಂಡ್ ಇಳಿಸಿ, ಚಿತ್ರ ಶುರುವಾದಾಗ ಏರಿಸುವುದಷ್ಟೇ ಈಗ ಅವನ ಕೈಯಲ್ಲಿ ಉಳಿದಿರುವ ಅಧಿಕಾರ. ಎಷ್ಟೋ ಕಡೆ ಅದನ್ನೂ ಮಾಡುವವರಿಲ್ಲ. ಇಳಿಸಿದ ಸೌಂಡಿನಲ್ಲೇ ಮೊದಲ ದೃಶ್ಯಗಳು ಕಳೆದುಹೋಗುತ್ತವೆ.

ಈ ನಾಲ್ಕು ಊರಿನವರು ದಿನವೂ ನೋಡುವ ಒಂದು ಸಂಗತಿ ಹೇಳುತ್ತೇನೆ. ಚಿತ್ರದಲ್ಲಿ ತಂಬಾಕು ಸೇವನೆಯ ದೃಶ್ಯವಿದ್ದರೆ ಶುರುವಿನಲ್ಲೂ ಮಧ್ಯದಲ್ಲೂ ತಲಾ 30 ಸೆಕೆಂಡಿನ ಆರೋಗ್ಯ ಸಂದೇಶ, ತಲಾ 20 ಸೆಕೆಂಡಿನ ಎಚ್ಚರಿಕೆ ತೋರಿಸಲೇಬೇಕೆಂಬ ಕೇಂದ್ರದ ನಿಯಮ 2012ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಎಲ್ಲ ಸೇರಿ 100 ಸೆಕೆಂಡು. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತಿದ್ದ ನಮ್ಮ ಲೆಕ್ಕದಲ್ಲಿ 150 ಅಡಿ. ಗುಟ್ಕಾ ತಿಂದು ಬಾಯಿ ಕ್ಯಾನ್ಸರಿಗೆ ಬಲಿಯಾದ ಮಹಾರಾಷ್ಟ್ರದ ಯುವಕ ಮುಖೇಶನ ಮುಖ ಇಡೀ ದೇಶಕ್ಕೆ ಪರಿಚಯವಾದದ್ದು ಹೀಗೆ. ಆ ಸಂದೇಶ ನಮ್ಮ ಟಾಕೀಸುಗಳಲ್ಲಿ ಓಡುವಾಗ ಕೆಳಗೆ ಕೂತವರು ಯಾರು? ಕರ್ನಾಟಕದ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆಯೇ ಇದು. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆಗಳಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ. ಹರಾಜಿನ ತಿಂಗಳುಗಳಲ್ಲಿ ನಮ್ಮ ಟಾಕೀಸು ತುಂಬುತ್ತಿದ್ದದ್ದೇ ಆ ದುಡ್ಡಿನಿಂದ. ಬೆಳಿಗ್ಗೆ ಬೇಲ್ ಹಾಕಿ, ರೇಟು ಸಿಕ್ಕಿದ ಖುಷಿಗೋ ಸಿಗದ ಬೇಜಾರಿಗೋ ಮ್ಯಾಟಿನಿಗೆ ಬಂದ ರೈತ ಆ ಸಂದೇಶ ನೋಡುತ್ತಾನೆ. ಇಂಟರ್ವೆಲ್ಲಿನಲ್ಲಿ ಟೀ ಕುಡಿಯುತ್ತ ಒಬ್ಬರು ನನಗೆ ಹೇಳಿದ್ದರು: “ಅದು ನಮ್ ಸೊಪ್ಪಲ್ಲ ಕಣಣ್ಣೋ. ನಮ್ದು ಸಿಗರೇಟಿಗೆ ಹೋಯ್ತದೆ.”

ಆ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭ. ಸಿಗರೇಟೂ ಕೊಲ್ಲುತ್ತದೆ. ಎಚ್ಚರಿಕೆ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ, ಅದು ಇರಲೇಬೇಕು. ಆದರೆ ಹೊಗೆಸೊಪ್ಪಿನ ಜೊತೆ ಹಗಲಿರುಳು ಬದುಕುವವರಿಗೆ ಹೇಳಬೇಕಾದದ್ದು ಇನ್ನೂ ಇದೆ. ಮಳೆಯಲ್ಲಿ ನೆನೆದ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ತಲೆಸುತ್ತು, ವಾಂತಿ ಬರುತ್ತದೆ. ಕೈಗವಸು ಹಾಕಿ, ಒದ್ದೆ ಬಟ್ಟೆ ಬದಲಿಸಿ, ಮಕ್ಕಳನ್ನು ಸೊಪ್ಪಿನ ಕೆಲಸಕ್ಕೆ ಹಚ್ಚಬೇಡಿ ಎಂದು ಅರ್ಧ ನಿಮಿಷದಲ್ಲಿ ಹೇಳಬಹುದು. ಕಟಾವಿನ ಕಾಲದಲ್ಲಿ ಈ ತಾಲ್ಲೂಕುಗಳ ಪರದೆಯ ಮೇಲೆ ಅದು ಬಂದರೆ ಸೊಪ್ಪು ಹದ ಮಾಡುವ ಬ್ಯಾರನ್ ಮುಂದೆ ರಾತ್ರಿಯಿಡೀ ಸೌದೆ ಒಟ್ಟುವ ಹೆಂಗಸರೂ ಕೇಳಿಸಿಕೊಳ್ಳುತ್ತಾರೆ, ಅದು ಅವರದೇ ಸುದ್ದಿ. ಗಾಜಿನ ಸ್ಲೈಡಿನ ಕಾಲದಲ್ಲಾಗಿದ್ದರೆ ಸರ್ಕಾರಿ ಆಸ್ಪತ್ರೆಯ ಡಾಕ್ಟರೊಬ್ಬರು ಚೀಟಿ ಕಳಿಸಿದ್ದರೆ ಸಾಕಿತ್ತು, ಸಂಜೆಯ ಆಟಕ್ಕೆ ಅದು ಪರದೆಯ ಮೇಲಿರುತ್ತಿತ್ತು.

ಕಾನೂನು ಕೇಳುವುದು ಆ 100 ಸೆಕೆಂಡನ್ನು ಮಾತ್ರ. ಪ್ರೇಕ್ಷಕ ಕಳೆದುಕೊಳ್ಳುವುದು ಎಷ್ಟು? 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಮಲ್ಟಿಪ್ಲೆಕ್ಸೊಂದರಲ್ಲಿ ‘ಸ್ಯಾಮ್ ಬಹಾದೂರ್’ ನೋಡಲು ಹೋದವರೊಬ್ಬರು ಸಂಜೆ 4.05ರ ಆಟ 4.30ಕ್ಕೆ ಶುರುವಾಯಿತೆಂದು ಪಿವಿಆರ್ ಐನಾಕ್ಸ್ ವಿರುದ್ಧ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಸಾರ್ವಜನಿಕ ಸಂದೇಶಗಳನ್ನು ತೋರಿಸುವುದು ತಮ್ಮ ಕರ್ತವ್ಯವೆಂಬುದು ಸಂಸ್ಥೆಯ ಒಂದು ವಾದವಾಗಿತ್ತು. 2025ರ ಫೆಬ್ರವರಿಯಲ್ಲಿ ಆಯೋಗ ಒಂದು ಲಕ್ಷ ರೂಪಾಯಿ ದಂಡ ಹಾಕಿತು, ದೂರುದಾರರಿಗೆ ಪರಿಹಾರ ಕೊಡಿಸಿತು, ಟಿಕೆಟ್ಟಿನ ಮೇಲೆ ಚಿತ್ರ ಶುರುವಾಗುವ ನಿಜವಾದ ಸಮಯ ಹಾಕಿ ಎಂದಿತು. ಮರುತಿಂಗಳು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಕಾನೂನಿನ ಸರಿತಪ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಆಪರೇಟರ್ ಲೆಕ್ಕ ಬೇರೆ: 25 ನಿಮಿಷ ಅಂದರೆ 2,250 ಅಡಿ, 2,000 ಅಡಿಯ ದೊಡ್ಡ ರೀಲಿಗೂ ಮಿಕ್ಕಿದ್ದು. 150 ಅಡಿಯ ಸಂದೇಶದ ಹೆಸರಲ್ಲಿ ಇಡೀ ರೀಲು ಜಾಹೀರಾತು ತುಂಬುವುದನ್ನು ನಮ್ಮ ಕಾಲದ ಯಾವ ಆಪರೇಟರೂ ಒಪ್ಪುತ್ತಿರಲಿಲ್ಲ, ಜನ ಶಿಳ್ಳೆ ಹೊಡೆದು ಸೀಟು ಮುರಿಯುತ್ತಿದ್ದರು. ಬೆಂಗಳೂರಿನಲ್ಲಿ ತಡವಾದರೆ ಆಟೊ ಸಿಗುತ್ತದೆ. ಎಚ್.ಡಿ. ಕೋಟೆಯಲ್ಲಿ ಅಂತರಸಂತೆ ಕಡೆಯ ಕೊನೆಯ ಬಸ್ಸು ಹಿಡಿಯಬೇಕಾದವರು ಕ್ಲೈಮ್ಯಾಕ್ಸ್ ಬಿಟ್ಟು ಎದ್ದುಹೋಗುವುದನ್ನು ನಾನು ಕಿಂಡಿಯಿಂದ ಕಂಡಿದ್ದೇನೆ. ದುಡ್ಡು ಕೊಟ್ಟು ಬಂದು ಕೊನೆ ನೋಡದೆ ಹೋಗುವುದು ಅನ್ಯಾಯ.

ಹೊರಗಿನ ತಿಂಡಿಯ ಸೂಚನೆಗೂ ಇದೇ ಮಾತು. ತಿಂಡಿ ತರದಂತೆ ತಡೆಯುವ ಹಕ್ಕು ಥಿಯೇಟರಿಗಿದೆ ಎಂದು 2023ರ ಜನವರಿ 3ರಂದು ಸುಪ್ರೀಂ ಕೋರ್ಟ್ ಹೇಳಿತು. ಶುದ್ಧ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಹಸುಗೂಸಿನ ಆಹಾರಕ್ಕೆ ಅಡ್ಡಿ ಮಾಡಬಾರದು ಎಂಬುದೂ ಅಲ್ಲೇ ಬಂತು. ಮೊದಲರ್ಧ ಪರದೆಯ ಮೇಲೆ ಬರುತ್ತದೆ. ಎರಡನೆಯರ್ಧ ಬಂದದ್ದನ್ನು ನಾನಂತೂ ನೋಡಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸೂಚನೆ ಒಂದಿದೆ, ಹೊರಹೋಗುವ ದಾರಿಯದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ‘ಬಾರ್ಡರ್’ ಓಡುತ್ತಿದ್ದಾಗ ಕೆಳಗಿನ ಟ್ರಾನ್ಸ್‌ಫಾರ್ಮರ್‌ನಿಂದ ಎದ್ದ ಬೆಂಕಿಯ ಹೊಗೆ ಒಳಗೆ ತುಂಬಿ 59 ಜನ ಸತ್ತರು. ಬಾಲ್ಕನಿಯಲ್ಲಿ ಓಡಾಡುವ ದಾರಿಗೆ ಹೆಚ್ಚುವರಿ ಸೀಟು ಅಡ್ಡ ಹಾಕಿದ್ದರು. ಈ ಪಾಠ ಎಷ್ಟು ಬೇಗ ಮರೆಯುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ: 2016ರ ನವೆಂಬರ್ 30ರಂದು ಥಿಯೇಟರುಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಮಾಡಿದ ಸುಪ್ರೀಂ ಕೋರ್ಟ್, ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿರಬೇಕೆಂದೂ ಹೇಳಿತ್ತು. ಹತ್ತು ದಿನ ಕಳೆಯುವುದರೊಳಗೆ, ಮುಚ್ಚುವುದೆಂದರೆ ಚಿಲಕ ಹಾಕುವುದಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. 2018ರ ಜನವರಿಯಲ್ಲಿ ಕಡ್ಡಾಯವನ್ನೇ ತೆಗೆದರು. ಕ್ಯಾಬಿನ್ನಿನಲ್ಲಿ ಕೆಲಸ ಮಾಡಿದವನಿಗೆ ಬೆಂಕಿಯ ಭಯ ಮೈಗಂಟಿರುತ್ತದೆ. ಕಾರ್ಬನ್ ಉರಿ, ಪ್ರೊಜೆಕ್ಟರಿನ ಗೇಟಿನಲ್ಲಿ ಸಿಕ್ಕಿಕೊಂಡ ಫಿಲ್ಮು ಕರಗುವ ವಾಸನೆ, ಮರಳು ತುಂಬಿದ ಕೆಂಪು ಬಕೆಟ್ಟು, ಕಿಂಡಿಯ ಮೇಲೆ ತಟ್ಟನೆ ಬೀಳುವ ಕಬ್ಬಿಣದ ಮುಚ್ಚಳ, ಇವುಗಳ ನಡುವೆಯೇ ನಾವು ಬದುಕಿದ್ದು.

ಆದರೆ ಹೊರಹೋಗುವ ದಾರಿಯ ಸೂಚನೆಯೂ ಈಗ ಎಲ್ಲ ಕಡೆಗೂ ಒಂದೇ ಅಚ್ಚಿನದು. ಬಾಣದ ಗುರುತು ತೋರಿಸುವ ಕಡೆ ಈ ಥಿಯೇಟರಿನಲ್ಲಿ ಗೋಡೆ ಇರಬಹುದು. ಮಾತು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಹಾಡಿಯಿಂದ ಮಕ್ಕಳನ್ನು ಎತ್ತಿಕೊಂಡು ಮೊದಲ ಸಲ ಪಟ್ಟಣದ ಥಿಯೇಟರಿಗೆ ಬಂದ ತಾಯಿಗೆ ಅದು ಯಾವ ಬಾಗಿಲು ತೋರಿಸಿತು? ‘ಬಲಗಡೆ ಎರಡು ಬಾಗಿಲು, ಹಿಂದೆ ಒಂದು, ಬಾಲ್ಕನಿಯವರಿಗೆ ಎಡಗಡೆ ಮೆಟ್ಟಿಲು’ ಎಂದು ಆಯಾ ಥಿಯೇಟರಿನವರೇ ಫೋನಿನಲ್ಲಿ ಚಿತ್ರೀಕರಿಸಿ, ಗೇಟಿನವನ ದನಿಯಲ್ಲೇ ಹೇಳಿಸಿದರೂ ಸಾಕು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಮೈಸೂರು ಜಿಲ್ಲಾಡಳಿತಕ್ಕೆ, ಟಾಕೀಸು ಮಾಲೀಕರಿಗೆ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ನನ್ನ ವಿನಂತಿ ಇಷ್ಟು. ಲೈಸೆನ್ಸ್ ನವೀಕರಿಸುವಾಗ ಬಾಗಿಲು, ಬಕೆಟ್ಟು ಪರಿಶೀಲಿಸುವ ಅಧಿಕಾರಿಗಳು ಪರದೆಯ ಮೇಲಿನ ಸೂಚನೆಯನ್ನೂ ಕೂತು ನೋಡಲಿ. ಆ ಥಿಯೇಟರಿನದೇ ಬಾಗಿಲು ತೋರಿಸುವ ಕನ್ನಡ ಸೂಚನೆ ಇಲ್ಲದಿದ್ದರೆ ನವೀಕರಣ ತಡೆಹಿಡಿಯಲಿ. ಡಿಜಿಟಲ್ ಸೇವೆಯವರ ಜೊತೆ ಒಪ್ಪಂದ ಮಾಡುವಾಗ ಪ್ರತಿ ಆಟದಲ್ಲಿ ಎರಡು ನಿಮಿಷ ಸ್ಥಳೀಯ ಸೂಚನೆಗೆಂದು ಮೀಸಲಿಟ್ಟು, ಅದನ್ನು ಹಾಕುವ ತೆಗೆಯುವ ಅಧಿಕಾರವನ್ನು ಆಪರೇಟರ್‌ಗೆ ಕೊಡಿ. ಚಿತ್ರ ಶುರುವಾಗುವ ನಿಜವಾದ ಹೊತ್ತನ್ನು ಟಿಕೆಟ್ ಕೌಂಟರಿನ ಪಕ್ಕ ಸೀಮೆಸುಣ್ಣದಲ್ಲಾದರೂ ಬರೆಯಿರಿ. ಕೊನೆಯ ಬಸ್ಸಿಗೆ ಹೋಗುವವರು ಟಿಕೆಟ್ ಕೊಳ್ಳುವ ಮುಂಚೆಯೇ ಲೆಕ್ಕ ಹಾಕಿಕೊಳ್ಳುತ್ತಾರೆ.